ಚಿಕ್ಕ ದೋಣಿಗೆ ಯಾವ ಫಿಶ್‌ಫೈಂಡರ್ (ನೀರೊಳಗಿನ ಮೀನು ತೋರಿಸುವ ಸಾಧನ) ಒಳ್ಳೆಯದು?

14 ಅಡಿಯ ಅಲ್ಯೂಮಿನಿಯಂ ದೋಣಿ, ಅಮೆರಿಕದ ಮಿನ್ನೆಸೋಟದ ಕೆರೆಗಳಲ್ಲಿ ವಾರಾಂತ್ಯದ ವಾಲೈ ಮೀನು ಬೇಟೆ, ಇಷ್ಟಕ್ಕೆ ಯಾವುದು ಸಾಕು ಅಂತ ತಾನೇ ಕೇಳಿದ್ದು? ಚರ್ಪ್ ಸೋನಾರ್ (ನೀರಿಗೆ ಬೇರೆ ಬೇರೆ ಆವರ್ತನಗಳ ಶಬ್ದ ಕಳಿಸಿ, ಪ್ರತಿಧ್ವನಿಯಿಂದ ಮೀನು, ತಳ ಗುರುತಿಸುವ ವಿಧಾನ) ಮತ್ತು ಜಿಪಿಎಸ್ ಇರುವ, 5 ಇಲ್ಲವೇ 7 ಇಂಚಿನ ಪರದೆಯದು ಸಾಕು. ಅದಕ್ಕಿಂತ ಚಿಕ್ಕ ಪರದೆಯನ್ನು ಬಿಸಿಲಲ್ಲಿ ಓದುವುದು ಕಷ್ಟ.

ಜನ ವಾಟ್ಸ್ (ಸೋನಾರಿನ ಶಕ್ತಿ) ನೋಡುತ್ತಾರೆ, ಆದರೆ ಕೆರೆಯಲ್ಲಿ ನಿಜವಾಗಿ ಮುಖ್ಯ ಆಗುವುದು ಸೋನಾರ್ ಕಿರಣದ ಅಗಲ. 20 ಡಿಗ್ರಿಯ ಕಿರಣ 30 ಅಡಿ ಆಳದಲ್ಲಿ ಸುಮಾರು 10 ಅಡಿ ಅಗಲದ ತಳವನ್ನಷ್ಟೇ ತೋರಿಸುತ್ತದೆ, 60 ಡಿಗ್ರಿಯದು ಸುಮಾರು 35 ಅಡಿ ತೋರಿಸುತ್ತದೆ, ಆದರೆ ವಿವರ ಮಸುಕು. ಈ ಎರಡರ ನಡುವೆ ಬದಲಾಯಿಸಲು ಬರುವ ಟ್ರಾನ್ಸ್‌ಡ್ಯೂಸರ್ (ಶಬ್ದ ಕಳಿಸಿ, ಪ್ರತಿಧ್ವನಿ ಹಿಡಿಯುವ ಭಾಗ) ಇದ್ದರೆ ಒಳ್ಳೆಯದು. ತಳಕ್ಕೆ ಅಂಟಿಕೊಂಡ ಮೀನನ್ನು ಬೇರೆಯಾಗಿ ತೋರಿಸುವುದರಲ್ಲಿ ಚರ್ಪ್ ಜಾಣ, ವಾಲೈಗೆ ಬೇಕಾದ್ದು ಅದೇ.

ಟ್ರಾನ್ಸ್‌ಡ್ಯೂಸರನ್ನು ದೋಣಿಯ ಹಿಂಭಾಗದಲ್ಲಿ ಹೊರಗಡೆ ಕೂರಿಸಿ. ಗಟ್ಟಿ ಫೈಬರ್‌ಗ್ಲಾಸ್ ದೋಣಿಯಾದರೆ ಒಳಗಿಂದಲೇ ಅಂಟಿಸಬಹುದಿತ್ತು, ಅಲ್ಯೂಮಿನಿಯಂನಲ್ಲಿ ಅದು ಸರಿಬರುವುದಿಲ್ಲ.

ಟ್ರೋಲಿಂಗ್ ಮೋಟರಿನ (ದೋಣಿಯನ್ನು ನಿಧಾನಕ್ಕೆ ಓಡಿಸುವ ಚಿಕ್ಕ ವಿದ್ಯುತ್ ಮೋಟರು) ಬ್ಯಾಟರಿಗೇ ಫಿಶ್‌ಫೈಂಡರನ್ನೂ ಜೋಡಿಸಿದರೆ ಪರದೆ ತುಂಬಾ ಗೆರೆಗಳು ಬರಬಹುದು, ಸುಮ್ನೆ ತಲೆನೋವು. ಬೇರೆ 12 ವೋಲ್ಟ್ ಬ್ಯಾಟರಿ ಇಡಿ. ಮೀನಿನ ಓಡಾಟವನ್ನು ಆ ಕ್ಷಣವೇ ತೋರಿಸುವ ಲೈವ್ ಸೋನಾರ್? ಬೆಲೆ ತೀರಾ ಜಾಸ್ತಿ, ಸದ್ಯಕ್ಕೆ ಬೇಡ. ಮೀನಿನ ಚಿತ್ರ ತೋರಿಸುವ ಫಿಶ್ ಐಡಿ ಆಫ್ ಮಾಡಿಬಿಡಿ, ಅದು ಕಸವನ್ನೂ ಮೀನು ಅನ್ನುತ್ತದೆ.