ಕ್ಲಿಯರೆನ್ಸ್ ಅರ್ಜಿಯಲ್ಲಿ ಅಣ್ಣನ ಹೆಸರು ಬಿಡಬೇಡಿ

ನೀವು ಅಮೆರಿಕಕ್ಕೆ ಬಂದು ವರ್ಷವಾಗಿದೆ, ಹೆಂಡತಿ ಇಲ್ಲಿನ ಪ್ರಜೆ. ರಕ್ಷಣಾ ಇಲಾಖೆಗೆ ಕೆಲಸ ಮಾಡುವ ಕಂಪನಿ ಸೇರುವ ಆಸೆ ಇದೆ. ಅಂಥ ಕೆಲಸಕ್ಕೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ರಹಸ್ಯ ಮಾಹಿತಿ ನೋಡಲು ಅನುಮತಿ, ಬೇಕಾಗಬಹುದು. ಅಣ್ಣ ಎಚ್‌ಎಎಲ್‌ನಲ್ಲಿದ್ದಾರೆ, ಮೈಸೂರಿನ ಅಮ್ಮನಿಗೆ ದುಡ್ಡು ಕಳಿಸುತ್ತೀರಿ, ಮ್ಯಾನೇಜರ್ ಜೊತೆ ಜಗಳವಾದ ಮೇಲೆ ಬೆಂಗಳೂರಿನ ಹಳೇ ಕಂಪನಿ ನಿಮ್ಮಿಂದ ರಾಜೀನಾಮೆ ಬರೆಸಿಕೊಂಡಿತ್ತು. ಇದರಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬಹುದು ಅಂತ ಕೇಳಿದ್ದೀರಿ. ಎಲ್ಲವನ್ನೂ ಹೇಳಿ. ಯಾಕೆ ಅಂತ ವಿವರಿಸುತ್ತೇನೆ.

ಮೊದಲು ಪೌರತ್ವ ಬೇಕು. ಪ್ರಜೆಯನ್ನು ಮದುವೆಯಾಗಿ ಜೊತೆಗಿರುವವರು ಗ್ರೀನ್ ಕಾರ್ಡ್ ಬಂದ 3 ವರ್ಷಕ್ಕೆ ಪೌರತ್ವ ಪಡೆಯಬಹುದು. ಕ್ಲಿಯರೆನ್ಸ್‌ಗೆ ನೀವಾಗಿಯೇ ಅರ್ಜಿ ಹಾಕುವಂತಿಲ್ಲ, ಕಂಪನಿಯೋ ಇಲಾಖೆಯೋ ನಿಮ್ಮ ಪರವಾಗಿ ಅದನ್ನು ಕೇಳಬೇಕು. ಆಗ ಎಸ್‌ಎಫ್-86 ಅನ್ನುವ ಉದ್ದನೆಯ ಫಾರಂ ತುಂಬಬೇಕು. 2017ರ ಜೂನ್‌ನಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳ ಪ್ರಕಾರ ನಿಮ್ಮನ್ನು ತೂಗುತ್ತಾರೆ.

ಅಣ್ಣ ಸರ್ಕಾರಿ ವಿಮಾನ ಕಾರ್ಖಾನೆಯಲ್ಲಿರುವುದರಿಂದ ಪ್ರಶ್ನೆ ಜಾಸ್ತಿ ಬರುತ್ತವೆ. ಎಷ್ಟು ದಿನಕ್ಕೊಮ್ಮೆ ಮಾತಾಡುತ್ತೀರಿ, ಅವರ ಕೆಲಸವೇನು, ಊರಲ್ಲಿ ನಿಮ್ಮ ಹೆಸರಲ್ಲಿ ಮನೆ, ಸೈಟು ಇದೆಯಾ, ಎಲ್ಲ ಕೇಳುತ್ತಾರೆ. ಅಮ್ಮನಿಗೆ ಕಳಿಸುವ ದುಡ್ಡನ್ನೂ ಬರೆಯಬೇಕು. ಹೆತ್ತವರನ್ನು ನೋಡಿಕೊಳ್ಳುವುದು ತಪ್ಪಲ್ಲ. ಇಲ್ಲಿ ಹೆಂಡತಿ, ಮನೆ, ಕೆಲಸ ಅಂತ ನಿಮ್ಮ ಬೇರು ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದನ್ನೂ ಜೊತೆಗೇ ನೋಡುತ್ತಾರೆ.

ನನಗೆ ಭಯವಾಗಿದ್ದು ಆ ರಾಜೀನಾಮೆಯ ವಿಷಯ ಓದಿದಾಗ. "ನಾನೇ ಬಿಟ್ಟೆ ಅಂತ ಬರೆದರಾಯ್ತು, ಎಕ್ಸ್‌ಪೀರಿಯನ್ಸ್ ಲೆಟರ್ ಕೂಡ ಇದೆ" ಅಂದಿದ್ದೀರಿ. ಹಾಗೆ ಬರೆಯಲೇಬೇಡಿ. ಫಾರಂ ಕೇಳುವುದು ಕಳೆದ 7 ವರ್ಷದಲ್ಲಿ ನಿಮ್ಮನ್ನು ತೆಗೆದರಾ ಅಂತ ಮಾತ್ರ ಅಲ್ಲ. ತೆಗೆಯುತ್ತೇವೆ ಅಂದ ಮೇಲೆ ನೀವೇ ಬಿಟ್ಟಿರಾ ಅಂತಲೂ ಕೇಳುತ್ತದೆ. ಮ್ಯಾನೇಜರ್ ಜೊತೆಗಿನ ಜಗಳವನ್ನು ತನಿಖೆ ಮಾಡುವವರು ಅರ್ಥ ಮಾಡಿಕೊಳ್ಳಬಹುದು. ಗೊತ್ತಿದ್ದೂ ಸುಳ್ಳು ಬರೆದರೆ ಅದು ವೈಯಕ್ತಿಕ ನಡತೆ ಅನ್ನುವ ಮಾರ್ಗಸೂಚಿಯ ಕೆಳಗೆ ಬರುತ್ತದೆ. ಫೆಡರಲ್ ಕಾನೂನಿನಲ್ಲಿ ಅಂಥ ಸುಳ್ಳಿಗೆ 5 ವರ್ಷದವರೆಗೆ ಜೈಲೂ ಆಗಬಹುದು. ಬರೆಯಲು ನಿಜವಾಗಿಯೂ ಮರೆತಿದ್ದರೆ, ಅವರು ಎದುರಿಗಿಟ್ಟು ಕೇಳುವ ಮೊದಲೇ ನೀವಾಗಿ ಹೇಳಿ ಸರಿಪಡಿಸಿ. ಅದು ನಿಮ್ಮ ಪರವಾಗಿ ನಿಲ್ಲುತ್ತದೆ.

ಸಂಬಂಧಗಳ ವಿಷಯವೂ ಇಷ್ಟೇ. ಮದುವೆಗೆ ಮುಂಚೆ ಯಾರನ್ನೋ ಇಷ್ಟಪಟ್ಟಿದ್ದು ಅಷ್ಟಕ್ಕೇ ದೊಡ್ಡ ವಿಷಯವಲ್ಲ. ಮದುವೆಯಾದ ಮೇಲೂ ಗುಟ್ಟಾಗಿ ಮುಂದುವರಿದಿದ್ದರೆ ಕಷ್ಟ. ಹೆಂಡತಿಗೆ ಹೇಳಿಬಿಡುತ್ತೇನೆ ಅಂತ ಯಾರಾದರೂ ಹೆದರಿಸಿ ನಿಮ್ಮಿಂದ ಕೆಲಸ ಮಾಡಿಸಿಕೊಳ್ಳಬಹುದು, ಅಲ್ವಾ? ಅವರ ಚಿಂತೆ ಅದೇ. ಹೆಂಡತಿಗೆ ಗೊತ್ತಿರುವ ವಿಷಯವನ್ನಿಟ್ಟುಕೊಂಡು ಹಾಗೆ ಹೆದರಿಸಲು ಆಗುವುದಿಲ್ಲ.

ಗಾಂಜಾ ಮುಟ್ಟಬೇಡಿ. ನಿಮ್ಮ ರಾಜ್ಯದ ಕಾನೂನು ಒಪ್ಪಿದರೂ ಕ್ಲಿಯರೆನ್ಸ್‌ಗೆ ಲೆಕ್ಕಕ್ಕೆ ಬರುವುದು ಫೆಡರಲ್ ಕಾನೂನು. ಪೌರತ್ವಕ್ಕೂ ಅದು ಅಡ್ಡ ಬರಬಹುದು.

ಈ ವಾರವೇ ಒಂದು ನೋಟ್‌ಬುಕ್ ತಂದು ಬರೆಯಲು ಶುರುಮಾಡಿ. ಇದ್ದ ಮನೆಗಳ ವಿಳಾಸ, ಊರಿಗೆ ಹೋಗಿಬಂದ ತಾರೀಖು, ಕಳಿಸಿದ ದುಡ್ಡಿನ ಲೆಕ್ಕ ಎಲ್ಲ ಇರಲಿ. ಆ ಹಳೇ ಕಂಪನಿಯ ಮ್ಯಾನೇಜರ್ ಹೆಸರು ಮತ್ತು ನಿಮ್ಮ ಕೊನೇ ದಿನದ ತಾರೀಖನ್ನು ಮೊದಲ ಪುಟದಲ್ಲೇ ಬರೆಯಿರಿ.