ಕಾಯ್ದೆ ಉಳಿಯಿತು, ಪರಿಶೀಲಿಸುವವರು ಯಾರು?

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರೊಬ್ಬರ ಪತ್ರದ ಸಾರ: ‘ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ ಬ್ರಿಟನ್ ತನ್ನ ಕೀಟನಾಶಕ ನಿಯಮಗಳನ್ನೂ ಶುಲ್ಕಗಳನ್ನೂ ತಿದ್ದಿಕೊಂಡಿತೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಳೆಯ ಕಾಯ್ದೆಯನ್ನೇ ಉಳಿಸಿಕೊಂಡರೆಂದೂ ಬರೆದಿದ್ದೀರಿ. ಹಾಗಾದರೆ ತಿದ್ದುವುದೇನಿತ್ತು? ಶುಲ್ಕ ಯಾತಕ್ಕೆ? ಲಂಡನ್ನಿಗೆ ಹಣ್ಣು ಕಳಿಸುವ ನಮಗೆ ಇದರಿಂದ ಆಗಬೇಕಾದ್ದೇನು?’

ಮಾನ್ಯರೇ,

ತಮ್ಮ ಮೂರೂ ಪ್ರಶ್ನೆಗಳು ನ್ಯಾಯವಾದವು. ಅವಕ್ಕೆ ನಮ್ಮ ಲೇಖನದಲ್ಲೇ ಉತ್ತರವಿರಬೇಕಿತ್ತು.

ಒಕ್ಕೂಟದಲ್ಲಿದ್ದಾಗ, ನಾವು ಅಂಗಡಿಯಲ್ಲಿ ‘ಟೆಕ್ನಿಕಲ್’ ಎನ್ನುವ ಮೂಲ ರಾಸಾಯನಿಕಕ್ಕೆ ಒಪ್ಪಿಗೆ ಕೊಡುವ ಕೆಲಸವನ್ನು ಎಲ್ಲ ದೇಶಗಳೂ ಹಂಚಿಕೊಂಡಿದ್ದವು. ಒಂದು ದೇಶದ ತಜ್ಞರು ವರದಿ ಬರೆದರೆ, ಇಟಲಿಯ ಪಾರ್ಮಾದಲ್ಲಿರುವ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು ಅದನ್ನು ಒರೆಗೆ ಹಚ್ಚುತ್ತಿತ್ತು. ಬಳಿಕ ಒಕ್ಕೂಟದ ಆಡಳಿತಾಂಗವಾದ ಐರೋಪ್ಯ ಆಯೋಗ ಮತ್ತು ಸದಸ್ಯ ರಾಷ್ಟ್ರಗಳು ಸೇರಿ ತೀರ್ಮಾನಿಸುತ್ತಿದ್ದವು. ಇದನ್ನೆಲ್ಲ ಹೇಳುವ ಒಕ್ಕೂಟದ ಕಾಯ್ದೆಯ ಪಠ್ಯವನ್ನು ಬ್ರಿಟನ್ 2018ರ ನಿರ್ಗಮನ ಕಾಯ್ದೆಯ ಮೂಲಕ ಇಡಿಯಾಗಿ ತನ್ನದಾಗಿಸಿಕೊಂಡಿತು. ಆದರೆ ಆ ಪಠ್ಯದ ತುಂಬ ‘ಆಯೋಗ’, ‘ಪ್ರಾಧಿಕಾರ’, ‘ಸದಸ್ಯ ರಾಷ್ಟ್ರ’ ಎಂಬ ಮಾತುಗಳೇ ಇದ್ದುದರಿಂದ, 2020ರ ಡಿಸೆಂಬರ್ 31ರ ನಂತರ ಆ ಅಧಿಕಾರಗಳು ಯಾರಿಗೆ ಸೇರುತ್ತವೆಂದು ಒಂದೊಂದಾಗಿ ಬರೆಯಬೇಕಾಯಿತು. ತೀರ್ಮಾನ ಮಂತ್ರಿಗಳ ಪಾಲಿಗೆ ಬಂತು, ಪರಿಶೀಲನೆ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್ ಎಂಬ ಸಂಸ್ಥೆಯ ಪಾಲಿಗೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಿಗೆ ಮಾತ್ರ ಈ ವ್ಯವಸ್ಥೆ. ಉತ್ತರ ಐರ್ಲೆಂಡಿನಲ್ಲಿ ಇಂದಿಗೂ ಒಕ್ಕೂಟದ ಕೀಟನಾಶಕ ನಿಯಮಗಳೇ ನಡೆಯುತ್ತವೆ.

ಇದು ಬರಿಯ ಪದ ಬದಲಾವಣೆ ಎಂದುಕೊಂಡವರಿಗೆ 2019ರಲ್ಲಿ ನಡೆದದ್ದನ್ನು ನೆನಪಿಸುತ್ತೇನೆ. ಹಾರ್ಮೋನುಗಳ ಕೆಲಸವನ್ನು ಕೆಡಿಸುವ ರಾಸಾಯನಿಕಗಳಿಗೆ ಒಪ್ಪಿಗೆ ಕೊಡಬಾರದೆಂಬ ನಿಷೇಧವೇ ಬ್ರಿಟನ್ನಿನ ತಿದ್ದುಪಡಿಯಲ್ಲಿ ಕಾಣೆಯಾಗಿತ್ತು. ಅದನ್ನು ಸಾಲುಸಾಲಾಗಿ ಓದಿ ಹಿಡಿದುಕೊಟ್ಟವರು ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು. ಕಣ್ತಪ್ಪಿನಿಂದಾದದ್ದೆಂದು ಸರ್ಕಾರ ಒಪ್ಪಿಕೊಂಡು, ಅದೇ ವರ್ಷ ಇನ್ನೊಂದು ತಿದ್ದುಪಡಿ ತಂದು ಸರಿಪಡಿಸಿತು. ಓದುವವರು ಇದ್ದುದರಿಂದ ಅದು ಉಳಿಯಿತು. ನನ್ನ ಆತಂಕವೂ ಇದೇ: ಕಾಯ್ದೆಯನ್ನು ನಕಲು ಮಾಡಬಹುದು, ಅದನ್ನು ನಡೆಸಬಲ್ಲ ವಿಷಶಾಸ್ತ್ರಜ್ಞರನ್ನೂ ಅಂಕಿಅಂಶ ಬಲ್ಲವರನ್ನೂ ನಕಲು ಮಾಡಲಾಗದು. ಅವಧಿ ಮುಗಿಯುತ್ತಿದ್ದ ಅನೇಕ ರಾಸಾಯನಿಕಗಳ ಒಪ್ಪಿಗೆಯನ್ನು ಬ್ರಿಟನ್ ಒಮ್ಮೆಲೇ ಮೂರು ವರ್ಷ ಮುಂದೂಡಿದ್ದು, ಪರಿಶೀಲಿಸುವ ಕೈಗಳು ಸಾಲದೆ ಹೋದುದರಿಂದಲೇ ಎಂದು ನಾನು ತಿಳಿಯುತ್ತೇನೆ.

ಶುಲ್ಕದ ಮಾತು ಬರುವುದು ಇಲ್ಲಿಯೇ. ಅಲ್ಲಿ ಕಂಪನಿಗಳು ಎರಡು ಬಗೆಯಲ್ಲಿ ಹಣ ಕಟ್ಟುತ್ತವೆ: ಪ್ರತಿ ಅರ್ಜಿಯ ಪರಿಶೀಲನೆಗೆ ಒಂದು ಶುಲ್ಕ, ಆ ದೇಶದಲ್ಲಿ ನಡೆಸಿದ ಮಾರಾಟದ ಮೊತ್ತಕ್ಕೆ ತಕ್ಕಂತೆ ವರ್ಷಕ್ಕೊಮ್ಮೆ ಇನ್ನೊಂದು. ಮಾರುವವನು ಪರಿಶೀಲನೆಯ ಖರ್ಚು ಹೊರಬೇಕೇ ಹೊರತು ತೆರಿಗೆ ಕಟ್ಟುವವನಲ್ಲ ಎಂಬ ತತ್ವವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಮೊದಲು ಇಡೀ ಒಕ್ಕೂಟಕ್ಕೆ ಒಂದೇ ದಾಖಲೆ ಸಲ್ಲಿಸುತ್ತಿದ್ದ ಕಂಪನಿ ಈಗ ಬ್ರಿಟನ್ನಿಗೆಂದೇ ಇನ್ನೊಂದನ್ನು ಸಲ್ಲಿಸಿ, ಇನ್ನೊಮ್ಮೆ ಹಣ ಕಟ್ಟಬೇಕು. ಗೋಧಿಯಂಥ ದೊಡ್ಡ ಬೆಳೆಗಾದರೆ ಹಾಕಿದ ಖರ್ಚು ಮಾರಾಟದಲ್ಲಿ ಹುಟ್ಟುತ್ತದೆ. ಈರುಳ್ಳಿ ಜಾತಿಯ ಲೀಕ್, ಕ್ಯಾರೆಟ್, ಹಣ್ಣಿನ ತೋಟಗಳಿಗೆ ಹುಟ್ಟುವುದಿಲ್ಲ. ಅಂಥ ಸಣ್ಣ ಬೆಳೆಗಳಿಗೆ ಒಂದು ಔಷಧದ ಬಳಕೆಯನ್ನು ವಿಸ್ತರಿಸಿಕೊಡಿ ಎಂದು ಕಂಪನಿಯ ಬದಲು ಬೆಳೆಗಾರರೇ ಅರ್ಜಿ ಹಾಕಿಕೊಳ್ಳುವ ದಾರಿ ಅಲ್ಲಿದೆ. ಬೆಳೆಗಾರರ ವಂತಿಗೆಯಿಂದ ನಡೆಯುವ ಕೃಷಿ ಮತ್ತು ತೋಟಗಾರಿಕೆ ಅಭಿವೃದ್ಧಿ ಮಂಡಳಿ ಆ ಕೆಲಸವನ್ನು ಮಾಡುತ್ತ ಬಂದಿತ್ತು. 2021ರ ಆರಂಭದಲ್ಲಿ, ನಿರ್ಗಮನದ ಬೆನ್ನಿಗೇ, ತೋಟಗಾರಿಕೆಯವರೂ ಆಲೂಗಡ್ಡೆಯವರೂ ಆ ವಂತಿಗೆ ಬೇಡವೆಂದು ಮತ ಹಾಕಿದರು, ಮುಂದೆ ಅದು ಕೊನೆಗೊಂಡಿತು. ಅವರ ಅಸಮಾಧಾನಕ್ಕೆ ಕಾರಣಗಳಿದ್ದವು. ಆದರೂ ಆ ಹೊತ್ತಿನಲ್ಲಿ ಅದು ತಪ್ಪು ತೀರ್ಮಾನವೆಂದೇ ನನ್ನ ಅಭಿಪ್ರಾಯ. ನಮ್ಮಲ್ಲೂ ಸಣ್ಣ ಬೆಳೆಗೆ ಕಂಪನಿಗಳು ನೋಂದಣಿ ಮಾಡಿಸುವುದಿಲ್ಲ, ರೈತ ಲೇಬಲ್ಲಿನಲ್ಲಿ ತನ್ನ ಬೆಳೆಯ ಹೆಸರಿಲ್ಲದ ಔಷಧ ಹೊಡೆಯುತ್ತಾನೆ, ಫಸಲಿನಲ್ಲಿ ಅದರ ಉಳಿಕೆ ಸಿಕ್ಕಾಗ ತಪ್ಪು ಅವನದಾಗುತ್ತದೆ.

ಇನ್ನು ತಮ್ಮ ಹಣ್ಣಿನ ವಿಚಾರ. 2010ರ ಹಂಗಾಮು ತಮಗೆ ನೆನಪಿರಬಹುದು. ಬಳ್ಳಿಯ ಬೆಳವಣಿಗೆ ತಡೆಯಲು ಹೊಡೆಯುವ, ಲಿಹೋಸಿನ್ ಎಂದು ನಮ್ಮವರು ಕರೆಯುವ ಕ್ಲೋರ್ಮೆಕ್ವಾಟ್ ಕ್ಲೋರೈಡಿನ ಉಳಿಕೆ ಸಿಕ್ಕಿತೆಂದು ಭಾರತದ ದ್ರಾಕ್ಷಿಯನ್ನು ಯೂರೋಪು ತಡೆಯಿತು. ಆಗ ಇದ್ದದ್ದು ಉಳಿಕೆಯ ಮಿತಿಗಳ ಒಂದೇ ಪಟ್ಟಿ. ಈಗ ರಾಟರ್‌ಡ್ಯಾಮಿನಲ್ಲಿ ಇಳಿಯುವ ಪೆಟ್ಟಿಗೆಗೆ ಒಕ್ಕೂಟದ ಪಟ್ಟಿ, ಲಂಡನ್ನಿನಲ್ಲಿ ಇಳಿಯುವುದಕ್ಕೆ ಬ್ರಿಟನ್ನಿನ ಪಟ್ಟಿ. ಹೊರಬಿದ್ದ ದಿನ ಎರಡರ ಮಿತಿಗಳೂ ಒಂದೇ ಆಗಿದ್ದವು. ಅಲ್ಲಿಂದೀಚೆಗೆ ಒಂದೊಂದು ಕಡೆ ಒಂದೊಂದು ಬದಲಾಗುತ್ತ ಬಂದಿದೆ. ಪ್ರತ್ಯೇಕ ಮಿತಿ ಹೇಳದಿದ್ದಾಗ ಅನ್ವಯಿಸುವ ಅಳತೆ ಕಿಲೋಗೆ 0.01 ಮಿಲಿಗ್ರಾಂ, ಅಂದರೆ 100 ಟನ್ ಹಣ್ಣಿನಲ್ಲಿ ಒಂದು ಗ್ರಾಂ. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದಿಂದ ಇದು ಸಡಿಲವಾಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಂಕ ಇಳಿದರೆ ಉಳಿಕೆಯ ಮಿತಿ ಏರುವುದಿಲ್ಲ.

ತಮ್ಮ ಕಡೆಯ ತೋಟವೊಂದರಲ್ಲಿ ನಾನು ನೋಡಿದ ಔಷಧದ ಡೈರಿ ಕಣ್ಣಮುಂದಿದೆ. ಮೂಲೆಗಳು ನೀಲಿಗಟ್ಟಿದ್ದ ಆ ಪುಸ್ತಕದಲ್ಲಿ ತಾರೀಖು, ಔಷಧದ ಹೆಸರು, ಲೀಟರಿಗೆ ಎಷ್ಟು, ಹೊಡೆದವರು ಯಾರು ಎಂಬುದೆಲ್ಲ ಅಚ್ಚುಕಟ್ಟಾಗಿತ್ತು. ಯಾವ ದೇಶದ, ಯಾವ ದಿನದ ಪಟ್ಟಿ ನೋಡಿ ಆ ಔಷಧ ಆರಿಸಿದ್ದೆಂಬ ಕಲಮು (ಕಾಲಂ) ಮಾತ್ರ ಇರಲಿಲ್ಲ. ಅಕ್ಟೋಬರ್ ಚಾಟ್ನಿಗೆ (ಬಳ್ಳಿ ಕತ್ತರಿಸುವುದಕ್ಕೆ) ಮೊದಲೇ ಖರೀದಿದಾರರಿಂದ ಎರಡೂ ಪಟ್ಟಿಗಳನ್ನು ತಾರೀಖಿನ ಸಮೇತ ತರಿಸಿಕೊಂಡು, ಎರಡರಲ್ಲಿ ಕಡಿಮೆಯಿರುವ ಮಿತಿಯನ್ನು ಅಂಥದೊಂದು ಕಲಮಿನಲ್ಲಿ ಬರೆದಿಡಿ. 2025ರ ಮೇ ತಿಂಗಳಲ್ಲಿ ಬ್ರಿಟನ್ನೂ ಒಕ್ಕೂಟವೂ ಆಹಾರ ಮತ್ತು ಸಸ್ಯ ಸುರಕ್ಷತೆಯ ಒಪ್ಪಂದ ಮಾಡಿಕೊಳ್ಳಲು ಸಮ್ಮತಿಸಿವೆ. ಕೀಟನಾಶಕವೂ ಅದರೊಳಗೆ ಸೇರಿದೆ. ಅದು ಜಾರಿಗೆ ಬಂದು ಎರಡು ಪಟ್ಟಿಗಳು ಮತ್ತೆ ಒಂದಾಗುವವರೆಗೆ ಆ ಕಲಮನ್ನು ಖಾಲಿ ಬಿಡಬೇಡಿ.

— ಸಂಪಾದಕ