ಸುಕ್ಕಿನ ಇಂಜೆಕ್ಷನ್: ಇಪ್ಪತ್ತು ಯೂನಿಟ್ಟೋ, ಐವತ್ತೋ?

ಪ್ರಶ್ನೆ: ಹುಬ್ಬುಗಳ ನಡುವಿನ ಗೆರೆಗೆ ಒಂದು ಕ್ಲಿನಿಕ್ಕಿನಲ್ಲಿ 20 ಯೂನಿಟ್ ಸಾಕು ಅಂದರು, ಇನ್ನೊಂದರಲ್ಲಿ 50 ಬೇಕು ಅಂದರು. ಪಾರ್ಲರಿನವರು ಯೂನಿಟ್ ಮಾತೇ ಎತ್ತದೆ ‘ಹಣೆಗೆ ಇಷ್ಟು’ ಎಂದು ದರ ಹೇಳುತ್ತಾರೆ. ಯಾರನ್ನು ನಂಬಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲಿಬ್ಬರೂ ಸರಿಯಿರಬಹುದು. ಬೊಟಾಕ್ಸ್, ಡಿಸ್ಪೋರ್ಟ್ ಎರಡೂ ಸ್ನಾಯು ಸಡಿಲಿಸಿ ಸುಕ್ಕು ತಗ್ಗಿಸುವ ಬೊಟುಲಿನಮ್ ಟಾಕ್ಸಿನ್ ಎಂಬ ಔಷಧದ ಬ್ರ್ಯಾಂಡ್‌ಗಳು. ಈ ಜಾಗಕ್ಕೆ ಬೊಟಾಕ್ಸ್‌ನ ಸಾಮಾನ್ಯ ಪ್ರಮಾಣ 20 ಯೂನಿಟ್ (ಐದು ಕಡೆ ನಾಲ್ಕು ನಾಲ್ಕು), ಡಿಸ್ಪೋರ್ಟ್‌ನದು 50. ಒಂದು ಕಂಪನಿಯ ಯೂನಿಟ್ ಇನ್ನೊಂದರದ್ದಕ್ಕೆ ಸಮವಲ್ಲ. ಹಾಗಾಗಿ ಬ್ರ್ಯಾಂಡ್ ಕೇಳದೆ ದರ ಹೋಲಿಸಬೇಡಿ.

‘ಎಷ್ಟು ಎಂಎಲ್’ ಎಂಬ ಲೆಕ್ಕವೂ ಬೇಡ. ಔಷಧ ಪುಡಿ ರೂಪದಲ್ಲಿ ಬರುತ್ತದೆ, ಸಲೈನ್ ಬೆರೆಸಿ ಕೊಡುತ್ತಾರೆ. 100 ಯೂನಿಟ್ ಬೊಟಾಕ್ಸ್‌ಗೆ 2.5 ಎಂಎಲ್ ಬೆರೆಸಿದರೆ 0.1 ಎಂಎಲ್‌ನಲ್ಲಿ 4 ಯೂನಿಟ್. 5 ಎಂಎಲ್ ಸುರಿದರೆ ಅದೇ ಹನಿಯಲ್ಲಿ ಎರಡೇ. ಹಾಲಿಗೆ ನೀರು ಹಾಕುವ ಲೆಕ್ಕ! ಮೂರ್ನಾಲ್ಕು ತಿಂಗಳು ಇರಬೇಕಾದ ಪರಿಣಾಮ ಬೇಗ ಇಳಿಯಲು ಇದೂ ಒಂದು ಕಾರಣ. ಸೀಸೆಯನ್ನು ನಿಮ್ಮೆದುರೇ ತೆರೆಯಲಿ; ಬ್ರ್ಯಾಂಡ್, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಯಾವ ಜಾಗಕ್ಕೆ ಎಷ್ಟು ಯೂನಿಟ್ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಪ್ರಮಾಣ ಹೆಚ್ಚಿಸಬೇಕೋ ಇಳಿಸಬೇಕೋ ಎಂದು ನೋಡಲು ಆ ಚೀಟಿಯೇ ಆಧಾರ.

ಪಾರ್ಲರ್ ಬಿಡಿ. ಚರ್ಮರೋಗದಲ್ಲಿ ಎಂ.ಡಿ. ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿದವರ ಬಳಿ ಹೋಗಿ. ವೈದ್ಯರ ಮೆಡಿಕಲ್ ಕೌನ್ಸಿಲ್ ನೋಂದಣಿ, ಕ್ಲಿನಿಕ್ಕಿನ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಎರಡನ್ನೂ ಕೇಳಿ. ಸಿಡುಕಿದರೆ ಎದ್ದು ಬನ್ನಿ. ಒಳ್ಳೆಯ ವೈದ್ಯರು ಸೂಜಿ ಹಿಡಿಯುವ ಮೊದಲು ನಿಮ್ಮಿಂದ ಹುಬ್ಬು ಗಂಟಿಕ್ಕಿಸಿ, ಏರಿಸಿ ನೋಡುತ್ತಾರೆ. ಹುಬ್ಬನ್ನು ಮೇಲೆತ್ತುವುದು ಹಣೆಯ ಸ್ನಾಯು ಒಂದೇ. ಅದಕ್ಕೆ ಔಷಧ ಹೆಚ್ಚಾದರೆ ಗೆರೆಯೇನೋ ಹೋಗುತ್ತದೆ, ಹುಬ್ಬು ಭಾರವಾಗಿ ಕೆಳಗಿಳಿಯುತ್ತದೆ. ರೆಪ್ಪೆ ಮೊದಲೇ ಸಡಿಲವಿದ್ದವರಿಗೆ ಹಣೆಯ ಪ್ರಮಾಣ ತಗ್ಗಿಸಬೇಕು.

ಗರ್ಭಿಣಿಯರು, ಹಾಲೂಡಿಸುವವರು, ಮಯಸ್ತೇನಿಯಾದಂಥ ಸ್ನಾಯು ದೌರ್ಬಲ್ಯ ಇರುವವರಿಗೆ ಇದು ಬೇಡ. ಜೆಂಟಾಮೈಸಿನ್‌ನಂಥ ಆಂಟಿಬಯಾಟಿಕ್ ನಡೆಯುತ್ತಿದ್ದರೆ ಮುಂಚೆಯೇ ತಿಳಿಸಿ.

ಪ್ರಶ್ನೆ: ಇಂಜೆಕ್ಷನ್ ಆಗಿ ಐದು ದಿನ. ಒಂದು ಕಡೆಯ ಗೆರೆ ಇನ್ನೂ ಕಾಣುತ್ತಿದೆ, ಇನ್ನಷ್ಟು ಹಾಕಿಸಲೇ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಈಗಲೇ ಬೇಡ. ಪೂರ್ಣ ಪರಿಣಾಮ ಕಾಣಲು ಸುಮಾರು ಎರಡು ವಾರ ಬೇಕು. ಆಮೇಲೆ ಅದೇ ವೈದ್ಯರಿಗೆ ತೋರಿಸಿ. ಅಷ್ಟರೊಳಗೆ ರೆಪ್ಪೆ ಜೋತುಬಿದ್ದರೆ ಔಷಧ ರೆಪ್ಪೆ ಎತ್ತುವ ಸ್ನಾಯುವಿಗೆ ಹರಡಿದೆ ಎಂದರ್ಥ. ಅದನ್ನು ಕೂಡಲೇ ಅಳಿಸುವ ಮದ್ದಿಲ್ಲ, ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ; ಅಲ್ಲಿಯವರೆಗೆ ರೆಪ್ಪೆ ತುಸು ಏರಿಸುವ ಕಣ್ಣಿನ ಹನಿಯನ್ನು ವೈದ್ಯರು ಬರೆದುಕೊಡಬಹುದು. ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ ಮಾತ್ರ ಗಂಟೆ ನೋಡದೆ ಆಸ್ಪತ್ರೆಗೆ ಹೊರಡಿ.